ಡೈರಿ ಮೈಕಿನಲ್ಲಿ ಬೆಂಗಳೂರು

ಬೆಂಗಳೂರಿನ ವಿಷಯದಲ್ಲಿ ತನ್ನನ್ನು ಬಿಟ್ಟರೆ ತೂಬಗೆರೆ ಹೋಬಳಿಯಲ್ಲೇ ಇನ್ನೊಬ್ಬ ಪಂಡಿತನಿಲ್ಲ ಎಂಬುದು ವೇಣುಗೋಪಾಲನ ಅಚಲ ನಂಬಿಕೆ. ಇಪ್ಪತ್ತು ವರ್ಷದಿಂದ ಗುರುವಾರ ಗುರುವಾರ ತನ್ನ ಲಗೇಜ್ ಗಾಡಿಯಲ್ಲಿ ಬೀನ್ಸು, ಟೊಮೆಟೊ ತುಂಬಿಕೊಂಡು ಕಲಾಸಿಪಾಳ್ಯದ ಮಾರ್ಕೆಟ್ಟಿಗೆ ಹೋಗಿಬರುವವನು ಅವನು. ಹಾಗಿರುವಾಗ, ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಓದುವ ಮಗಳು ಸಿಂಚನ ‘ನಗರ ಜೀವನ’ದ ಮೇಲೆ ಪಾಡ್‌ಕಾಸ್ಟ್ ಮಾಡಬೇಕು, ಅದಕ್ಕೆ ಮಾರ್ಕ್ಸ್ ಇದೆ ಎಂದಾಗ, ಯಾರನ್ನು ಮಾತಾಡಿಸಬೇಕೆಂಬ ಪ್ರಶ್ನೆಯೇ ಏಳಬಾರದಿತ್ತು.

ಆ ಹುಡುಗಿ ಎಬ್ಬಿಸಿಯೇಬಿಟ್ಟಳು. “ಅಮ್ಮನ್ನ ಕೇಳೋಣ ಅಂತಿದೀನಪ್ಪ. ಅಮ್ಮ ಸಿಟೀಲೇ ಹುಟ್ಟಿದ್ದಲ್ವಾ?”

“ನಿಮ್ಮಮ್ಮನಿಗೇನು ಗೊತ್ತು? ಅವ್ಳು ಬೆಂಗ್ಳೂರು ಬಿಟ್ಟಾಗ ಮೆಟ್ರೋನೇ ಇರ್ಲಿಲ್ಲ. ನಂಗೆ ಬೆಂಗ್ಳೂರು ಅಂದ್ರೆ ಅಂಗೈ ಮೇಲಿನ ನೆಲ್ಲಿಕಾಯಿ ಕಣಮ್ಮ!”

ಹೆಂಡತಿ ಅಶ್ವತ್ಥಮ್ಮ ಒಳಗೆ ಮುದ್ದೆ ಕಟ್ಟುತ್ತಿದ್ದಳು. “ನಿಮ್ಮಪ್ಪನ್ನೇ ಕೇಳಮ್ಮ. ಇಲ್ದಿದ್ರೆ ವಾರವೆಲ್ಲ ಮುಖ ಊದಿಸ್ಕೊಂಡಿರ್ತಾರೆ” ಎಂದಳು.

ಭಾನುವಾರ ಕೋಣೆಯ ಕಿಟಕಿಗೆ ಎರಡು ಕಂಬಳಿ ನೇತುಹಾಕಿ (ಹಸುವಿನ ಅಂಬಾ ಮೈಕಿಗೆ ಕೇಳಬಾರದಂತೆ) ಧ್ವನಿಮುದ್ರಣ ಮಹೋತ್ಸವ ಶುರುವಾಯಿತು. ವೇಣುಗೋಪಾಲ ಕ್ಷೌರ ಮಾಡಿಸಿ, ಇಸ್ತ್ರಿ ಶರಟು ತೊಟ್ಟು, ಪೌಡರ್ ಬಳಿದುಕೊಂಡು ಬಂದು ಕೂತ.

“ಅಪ್ಪ, ಇದ್ರಲ್ಲಿ ಮುಖ ಕಾಣಲ್ಲ.”

“ಕಾಣದಿದ್ರೇನು, ಕಳೆ ಮಾತಲ್ಲಿ ಬರ್ತದೆ” ಎಂದವನೇ ಫ್ಲೈಓವರ್ ಹತ್ತಿ, ಸಿಗ್ನಲ್ ದಾಟಿ, ದಲ್ಲಾಳಿಗಳ ಬಣ್ಣ ಬಯಲು ಮಾಡಿ, ಒಂದೂಕಾಲು ಗಂಟೆ ಕೊರೆದ. ಕೊನೆಗೆ “ಅವಳೂ ನಾಲ್ಕು ಮಾತಾಡ್ಲಿ, ಪಾಪ” ಎಂದು ಅಪ್ಪಣೆ ದಯಪಾಲಿಸಿದ. ಅಶ್ವತ್ಥಮ್ಮ ಕೈ ಒರೆಸಿಕೊಂಡು ಒಳಗೆ ಹೋಗಿ ಹತ್ತು ನಿಮಿಷಕ್ಕೆ ಹೊರಗೆ ಬಂದಳು.

ಹತ್ತು ದಿನದ ಮೇಲೆ ಒಂದು ಬುಧವಾರ ಸಂಜೆ ಸಿಂಚನ ಸಿದ್ಧವಾದ ಪಾಡ್‌ಕಾಸ್ಟನ್ನು ಕಾಲೇಜಿನಿಂದಲೇ ಅಪ್ಪನ ಫೋನಿಗೆ ಕಳಿಸಿದಳು. ಜೊತೆಗೆ ‘ಮೊದ್ಲು ನೀನೊಬ್ನೇ ಕೂತು ಕೇಳಪ್ಪ’ ಎಂದು ಬರೆದಿದ್ದಳು.

ಒಬ್ಬನೇ ಕೂತು ಕೇಳುವುದಕ್ಕೆ ಅಷ್ಟೆಲ್ಲ ಪೌಡರ್ ಬಳಿದುಕೊಳ್ಳಬೇಕಿತ್ತೆ? ಊರವರು ಹಾಲು ಹಾಕುವ ಹೊತ್ತಿಗೆ ಅವನು ನೆಟ್ಟಗೆ ಡೈರಿಗೆ ನಡೆದ. ಹಿಂಡಿ ಬಂತು, ಬೋನಸ್ ಬಂತು ಎಂದು ಸಾರುವುದಕ್ಕೆ ಅಲ್ಲೊಂದು ಮೈಕಿದೆ. ಕೂಗಿದರೆ ಊರಿಗೆಲ್ಲ ಕೇಳುತ್ತದೆ.

“ನೀನು ಒಂದ್ಸಲ ಕೇಳಿದ್ಯೇನಪ್ಪಾ ಇದನ್ನ?” ಎಂದ ಡೈರಿ ಕಾರ್ಯದರ್ಶಿ ಅಪ್ಪಯ್ಯಣ್ಣ.

“ಮಾತಾಡಿದೋನೇ ನಾನು, ಕೇಳೋದೇನಣ್ಣ?” ಎಂದು ವೇಣುಗೋಪಾಲ ಫೋನನ್ನು ಮೈಕಿಗೆ ಹಿಡಿದ.

ಮೊದಲು ಅವನದೇ ದನಿ ಬಂತು. ಒಂದು ಕೆಮ್ಮು, ಆಮೇಲೆ “ಶುರು ಮಾಡ್ಲಾ?” ಅಷ್ಟೇ. ಒಂದೂಕಾಲು ಗಂಟೆಯಲ್ಲಿ ಮಗಳು ಉಳಿಸಿಕೊಂಡದ್ದು ಅದೊಂದನ್ನೇ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಕಿಸಕ್ಕನೆ ನಕ್ಕರು. ಹಿಂದೆಯೇ ಅಶ್ವತ್ಥಮ್ಮನ ದನಿ ಬಂತು.

“ಸಿಟಿ ಅಂದ್ರೆ ನಂಗೆ ಚಾಮರಾಜಪೇಟೆ ವಠಾರ ಕಣಮ್ಮ. ಅಲ್ಲಿ ನಮ್ಮಮ್ಮ ಒಬ್ಳೇ ಇದ್ಲು. ವರ್ಷಕ್ಕೊಂದ್ಸಲ ಗೌರಿ ಹಬ್ಬಕ್ಕೆ ಹೋಗ್ತಿದ್ದೆ, ಅಷ್ಟೇ. ಬಸ್ಸಲ್ಲಿ ಹೋದ್ರೆ ಸಂಜೆ ಹಾಲು ಕರೆಯೋ ಹೊತ್ತಿಗೆ ವಾಪಸ್ ಬರೋಕಾಗಲ್ವಲ್ಲ. ಮಾರ್ಕೆಟ್ಟಿಂದ ಅಮ್ಮನ ಮನೆ ನಡ್ಕೊಂಡೋದ್ರೆ ಹತ್ತು ನಿಮಿಷ. ಗುರುವಾರ ಬಂದ್ರೆ ನಿಮ್ಮಪ್ಪನ್ನ ಕೇಳ್ತಿದ್ದೆ, ಗಾಡೀಲಿ ನಾನೂ ಬರ್ತೀನಿ, ಅಮ್ಮನ್ನ ನೋಡ್ಕೊಂಡ್ ಬಂದ್ಬಿಡ್ತೀನಿ ಅಂತ. ಜಾಗ ಇಲ್ಲ ಕಣೇ, ಮುಂದಿನ್ ವಾರ ನೋಡೋಣ ಅನ್ನೋರು. ಪಕ್ಕದ ಸೀಟಲ್ಲೂ ಟೊಮೆಟೊ ಕ್ರೇಟು. ಆಮೇಲೆ ಕೇಳೋದೇ ಬಿಟ್ಬಿಟ್ಟೆ. ಅಮ್ಮ ಹೋದ್ಲು ಅಂತ ಫೋನ್ ಬಂತಲ್ಲ, ಅವತ್ತು ಅದೇ ಗಾಡೀಲಿ ಕರ್ಕೊಂಡೋದ್ರು. ಅವತ್ತು ಜಾಗ ಇತ್ತು.”

ಈಗ ಯಾರೂ ನಗಲಿಲ್ಲ. ವೇಣುಗೋಪಾಲ ಗಾಬರಿಯಲ್ಲಿ ಫೋನಿನ ಮೇಲೆ ಎಲ್ಲೆಲ್ಲೋ ಒತ್ತಿದ. ದನಿ ಇನ್ನಷ್ಟು ಜೋರಾಯಿತು. ಅಪ್ಪಯ್ಯಣ್ಣನೇ ಎದ್ದು ಬಂದು ಮೈಕು ಆರಿಸಿದ. ಆಗ ವೇಣುಗೋಪಾಲ ಸಾಲಿನ ಕಡೆ ನೋಡಿದ. ಐದನೆಯವಳಾಗಿ ಅಶ್ವತ್ಥಮ್ಮ ನಿಂತಿದ್ದಳು. ಅವಳು ಯಾರ ಮುಖವನ್ನೂ ನೋಡದೆ, ಹಾಲೂ ಹಾಕದೆ, ಕ್ಯಾನು ಎತ್ತಿಕೊಂಡು ಮನೆ ಕಡೆ ಹೊರಟುಹೋದಳು.

ನಾಚಿಕೆಯಿಂದ ಅವನಿಗೆ ಭೂಮಿ ಬಾಯ್ಬಿಡಬಾರದೆ ಅನ್ನಿಸಿತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಗಾಡಿಯಲ್ಲಿ ಬರುತ್ತೇನೆಂದು ಹೆಂಡತಿ ಕೇಳುತ್ತಿದ್ದದ್ದು ಅವನಿಗೆ ನೆನಪಿತ್ತು. ಕೇಳುವುದನ್ನು ಬಿಟ್ಟದ್ದು ಯಾವಾಗ ಎಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ದಾರಿಯುದ್ದಕ್ಕೂ ಅವನನ್ನು ಕೊರೆದದ್ದು ಅದೇ.

ಮನೆಯಲ್ಲಿ ಎಂಟು ಲೀಟರ್ ಹಾಲೂ ಒಲೆ ಏರಿತ್ತು. ಹಿಡಿಸುವ ಪಾತ್ರೆ ಸಾಲದೆ ಅನ್ನದ್ದು, ಸಾರಿನದ್ದು ಎಲ್ಲದರಲ್ಲೂ ಹಾಲೇ.

“ನಂಗೆ ಗೊತ್ತಾಗ್ಲಿಲ್ಲ ಕಣೇ” ಎಂದ, ಬಾಗಿಲಲ್ಲೇ ನಿಂತು.

“ಇದೇ ಒಲೆ ಮುಂದೆ ನಿಂತ್ಕೊಂಡು ವರ್ಷಾನುಗಟ್ಲೆ ಹೇಳ್ದೆ. ಮೈಕಲ್ಲಿ ಹೇಳಿದ್ಮೇಲೆ ಕೇಳಿಸ್ತಾ ನಿಮ್ಗೆ?” ಅವಳು ತಿರುಗಲಿಲ್ಲ. “ಕಾಲೇಜ್ ಮಕ್ಳು ಮಾತ್ರ ಕೇಳ್ತಾರೆ ಅಂದಿದ್ಲು ಸಿಂಚನ. ನೀವು ಊರಿಗೆಲ್ಲ ಕೇಳಿಸ್ಬಿಟ್ರಿ.”

“ತಪ್ಪಾಯ್ತು. ನಾಳೆ ಗುರುವಾರ ಅಲ್ವಾ? ಒಂದು ಕ್ರೇಟೂ ಹಾಕಲ್ಲ, ಗಾಡಿ ಪೂರ್ತಿ ಖಾಲಿ. ನೀನು ಮುಂದೆ ಕೂತ್ಕೋ. ಎಲ್ಲಿಗ್ ಬೇಕೋ ಹೇಳು. ಬೆಂಗ್ಳೂರಲ್ಲಿ ಯಾವ ಸಂದಿ ಆದ್ರೂ ಸರಿ, ಕರ್ಕೊಂಡೋಗ್ತೀನಿ.”

ಅಶ್ವತ್ಥಮ್ಮ ಉಕ್ಕಿ ಬರುತ್ತಿದ್ದ ಹಾಲಿನ ಉರಿ ತಗ್ಗಿಸಿ ಇತ್ತ ತಿರುಗಿದಳು. ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವನು ಹೇಗೋ ಬದುಕಿಕೊಳ್ಳುತ್ತಿದ್ದ.

“ಯಾರ ಮನೆಗೆ ರೀ?” ಎಂದಳು.

ಆ ವಿಳಾಸ ಬೆಂಗಳೂರು ಪಂಡಿತನಿಗೂ ಗೊತ್ತಿರಲಿಲ್ಲ.