ಚಿಂಚಿಲ್ಲಾಗಳಿಗೆ ತಕ್ಕ ಪಂಜರ

ಮಲ್ಲೇಶಪ್ಪನವರು ತಮ್ಮ ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಬಣ್ಣದ ಮೀನು ಸಾಕದೇ ಇದ್ದಿದ್ದರೆ ಮಹಾಂತೇಶನ ಪಾಡು ಹೀಗಾಗುತ್ತಿರಲಿಲ್ಲ. ಮಲ್ಲೇಶಪ್ಪನವರೂ ಬಕ್ಕೇಶಪ್ಪನವರೂ ದಾವಣಗೆರೆಯ ಮಂಡಿಪೇಟೆಯಲ್ಲಿ ಎದುರುಬದುರು ಅಂಗಡಿ ಇಟ್ಟುಕೊಂಡ ಒಣಮೆಣಸಿನಕಾಯಿ ಸಗಟು ವ್ಯಾಪಾರಿಗಳು. ಒಬ್ಬರು ಅಂಗಡಿಗೆ ಸುಣ್ಣ ಬಳಿಸಿದರೆ ಇನ್ನೊಬ್ಬರು ಡಿಸ್ಟೆಂಪರ್ ಬಳಿಸುವವರು. ಒಬ್ಬರು ಫೋನು ಬದಲಾಯಿಸಿದರೆ ಇನ್ನೊಬ್ಬರು ತಂತಿಯೇ ಇಲ್ಲದ ಫೋನು ತರಿಸುವವರು. ಮೀನಿನ ಸುದ್ದಿ ಕಿವಿಗೆ ಬಿದ್ದ ದಿನ ಬಕ್ಕೇಶಪ್ಪನವರಿಗೆ ಊಟ ಸೇರಲಿಲ್ಲ. ಮುಂಬಯಿಯಲ್ಲಿದ್ದ ಅಳಿಯನಿಗೆ ಫೋನ್ ಮಾಡಿ, “ಈ ಊರಾಗೆ ಯಾರೂ ನೋಡಿರಬಾರ್ದು, ಅಂಥದ್ದೊಂದು ಪ್ರಾಣಿ ಕಳಿಸ್ರಿ” ಎಂದರು. ಅಳಿಯ ಕಳಿಸಿದ್ದು ಒಂದು ಜೋಡಿ ಚಿಂಚಿಲ್ಲಾ.

ಚಿಂಚಿಲ್ಲಾ ಎಂದರೆ ದಕ್ಷಿಣ ಅಮೆರಿಕದ ಚಳಿಬೆಟ್ಟಗಳ ಪ್ರಾಣಿ. ಬಾಲ ನೋಡಿದರೆ ಅಳಿಲು, ಮೈ ನೋಡಿದರೆ ಮೊಲ, ಹಲ್ಲು ನೋಡಿದರೆ ಹೆಗ್ಗಣ. ಮೈತುಂಬ ಹತ್ತಿಯಂಥ ಬೂದುಬಣ್ಣದ ತುಪ್ಪಳ. ಅಂಥ ಕಂಬಳಿ ಹೊದ್ದ ಜೀವಗಳೆರಡು ರಟ್ಟಿನ ಪೆಟ್ಟಿಗೆಯಲ್ಲಿ ಕೂತು, ಏಪ್ರಿಲ್ ತಿಂಗಳ ದಾವಣಗೆರೆಗೆ ರೈಲಿನಲ್ಲಿ ಬಂದಿಳಿದವು. ಬಕ್ಕೇಶಪ್ಪ ಸಾಹುಕಾರರು ಕೂಡಲೇ ಹರಿಹರದ ತಮ್ಮ ಗೋದಾಮಿನಿಂದ ಗುಮಾಸ್ತ ಮಹಾಂತೇಶನನ್ನು ಕರೆಸಿದರು. ಮಹಾಂತೇಶ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ತೆಗೆದುಕೊಂಡಿದ್ದನೆಂಬುದು ಅವರ ನೆನಪಿನಲ್ಲಿತ್ತು. ಕಪ್ಪೆ ಕೊಯ್ಯಲು ಹೆದರಿ ಆತ ಅದನ್ನು ಅರ್ಧಕ್ಕೇ ಬಿಟ್ಟಿದ್ದನೆಂಬುದು ನೆನಪಿನಲ್ಲಿರಲಿಲ್ಲ.

“ಸಂಜಿ ಐದಕ್ಕೆ ಮಲ್ಲೇಶಪ್ಪ ಚಾ ಕುಡಿಯೋಕೆ ಬರ್ತಾನೆ. ಅಷ್ಟ್ರೊಳಗೆ ಇವುಕ್ಕೆ ತಕ್ಕ ಪಂಜರ ಆರಿಸ್ಕಂಡು ಬಾ. ನೋಡಿದ್ರೆ ಅವನ ಹೊಟ್ಟಿ ಉರೀಬೇಕು” ಎಂದರು ಸಾಹುಕಾರರು. ಆಮೇಲೆ ದನಿ ತಗ್ಗಿಸಿ, “ಇದೊಂದು ಸರಿಯಾಗಿ ಮಾಡು ಮಾಂತೇಶ. ನಾಳಿಂದ ಆ ಕ್ಯಾಬಿನ್ನಾಗೆ ನೀನೇ ಕೂಡ್ರು” ಎಂದರು.

ಮಹಾಂತೇಶ ಅಂಗಡಿಯ ಮೂಲೆಯಲ್ಲಿದ್ದ ಕ್ಯಾಶಿಯರ್ ಕ್ಯಾಬಿನ್ನಿನ ಕಡೆಗೆ ನೋಡಿದ. ನೋಡುವುದೇನು, ಅದನ್ನು ಕಣ್ಣಿನಲ್ಲೇ ಒಂದು ಸುತ್ತು ಪ್ರದಕ್ಷಿಣೆ ಹಾಕಿದ. ಹಳೆಯ ಕ್ಯಾಶಿಯರು ಕೆಲಸ ಬಿಟ್ಟು ಹೋದ ಮೇಲೆ ಅದು ಖಾಲಿ ಬಿದ್ದಿತ್ತು. ಕಡಪಾ ಕಲ್ಲಿನ ನೆಲ, ತಲೆಯ ಮೇಲೆ ಹೊಸ ಫ್ಯಾನು, ಪಕ್ಕದಲ್ಲಿ ಕೂಲರು. ಇತ್ತ ಹರಿಹರದ ಗೋದಾಮಿನಲ್ಲಿ ತಗಡಿನ ಮಾಡು, ನಾಲ್ಕೂ ಕಡೆ ಮೆಣಸಿನಕಾಯಿ ಚೀಲ. ಅಲ್ಲಿ ಕೆಲಸಕ್ಕೆ ಸೇರಿದ ದಿನ ಶುರುವಾದ ಸೀನು ಇನ್ನೂ ನಿಂತಿರಲಿಲ್ಲ. ಮದುವೆಯ ಫೋಟೋದಲ್ಲಿ ಕೂಡ, ತಾಳಿ ಹಿಡಿದ ಮಹಾಂತೇಶ ಕಣ್ಣು ಮುಚ್ಚಿ ಬಾಯಿ ತೆರೆದಿದ್ದಾನೆ. ಭಕ್ತಿಯಿಂದಲ್ಲ, ಸೀನು ಬಂದು. ಆ ಕ್ಯಾಬಿನ್ನೊಂದು ಸಿಕ್ಕರೆ ಉಳಿದ ಆಯುಷ್ಯವನ್ನು ಮನುಷ್ಯನ ಹಾಗೆ ಉಸಿರಾಡಿಕೊಂಡು ಕಳೆಯಬಹುದೆಂದು ಆತ ಲೆಕ್ಕ ಹಾಕಿದ್ದ.

ರಟ್ಟಿನ ಪೆಟ್ಟಿಗೆಯನ್ನು ಮೊಪೆಡ್ಡಿನ ಮೇಲಿಟ್ಟುಕೊಂಡು ಮೊದಲು ಶಬ್ಬೀರನ ಅಂಗಡಿಗೆ ಹೋದ. ಪೇಟೆಯಲ್ಲಿ ಗಿಣಿ, ಪಾರಿವಾಳ, ಕೋಳಿಗಳ ಪಂಜರ ಮಾರುವವನು ಶಬ್ಬೀರ್ ಒಬ್ಬನೇ. ಆತ ಪೆಟ್ಟಿಗೆಯೊಳಗೆ ಇಣುಕಿ ಬಹಳ ಹೊತ್ತು ಯೋಚಿಸಿದ.

“ಮೊಟ್ಟಿ ಇಡ್ತೈತೇನಣ್ಣ ಇದು?”

“ಇಲ್ಲ.”

“ಮಾತಾಡ್ತೈತೇನು?”

“ಅದೂ ಇಲ್ಲ.”

“ಹಂಗಾರೆ ಪಂಜರ ಯಾಕ ಬೇಕು? ಬಿಟ್ಟುಬಿಡ್ರಿ, ಹೋಗ್ಲಿ.”

ಆದರೂ ವ್ಯಾಪಾರ ಬಿಡಬಾರದೆಂದು ಶಬ್ಬೀರ್ ಬಿದಿರಿನದೊಂದು ಪಂಜರ ಇಳಿಸಿದ. ಗುಮ್ಮಟದಂಥ ಮೇಲ್ಭಾಗ, ಕೆಂಪು ಬಣ್ಣ, ಮೂಲೆಮೂಲೆಗೆ ಗೆಜ್ಜೆ. ಮಲ್ಲೇಶಪ್ಪನವರ ಹೊಟ್ಟೆ ಉರಿಸಲು ಇದು ಧಾರಾಳ ಸಾಕೆಂದುಕೊಂಡು ಮಹಾಂತೇಶ ಚಿಂಚಿಲ್ಲಾಗಳನ್ನು ಅದರೊಳಗೆ ಬಿಟ್ಟ. ಬಿಸಿಲಿಗೆ ಅವು ಏದುಸಿರು ಬಿಡುತ್ತಿದ್ದುದರಿಂದ ಮಧ್ಯಾಹ್ನ ಕಳೆಯುವವರೆಗೆ ಎಂ.ಸಿ.ಸಿ. ಬಡಾವಣೆಯ ತನ್ನ ಮನೆಯಲ್ಲಿ ಇರಿಸೋಣವೆಂದು ಹೊರಟ. ಪಂಜರ ಹ್ಯಾಂಡಲ್ಲಿಗೆ ತೂಗುತ್ತಿತ್ತು, ಗೆಜ್ಜೆ ಘಲ್ ಘಲ್ ಎನ್ನುತ್ತಿತ್ತು. ಅದರ ನಡುವೆ ಕರ್ ಕರ್ ಎಂಬ ಇನ್ನೊಂದು ಸದ್ದನ್ನು ಆತ ಮೊಪೆಡ್ಡಿನದೇ ಎಂದುಕೊಂಡ. ಮನೆ ಮುಟ್ಟುವಷ್ಟರಲ್ಲಿ ಬಿದಿರಿನ ಕಡ್ಡಿಗಳು ಹಲ್ಲುಜ್ಜುವ ಬೇವಿನ ಕಡ್ಡಿಯಷ್ಟಾಗಿದ್ದವು. ಒಂದು ಚಿಂಚಿಲ್ಲಾ ಪಂಜರದಲ್ಲಿತ್ತು. ಇನ್ನೊಂದು ಮಹಾಂತೇಶನ ಅಂಗಿಯೊಳಗಿತ್ತು.

ಬಾಗಿಲಲ್ಲಿ ಹೆಂಡತಿ ರೂಪಶ್ರೀ ಜೊತೆ ಪಕ್ಕದ ಮನೆಯ ಅನ್ನಪೂರ್ಣಮ್ಮನವರೂ ನಿಂತಿದ್ದರು. ಆ ಬೀದಿಯಲ್ಲಿ ಯಾರ ಮನೆಗೆ ಏನು ಬಂದರೂ ಮೊದಲು ಮುಟ್ಟಿ ನೋಡುವ ಹಕ್ಕು ಅನ್ನಪೂರ್ಣಮ್ಮನವರದು.

“ಅಯ್ಯೋ ಪಾಪ, ಮೈ ಎಷ್ಟು ಕಾದೈತೆ ನೋಡ್ರಿ. ಎರಡು ಚೊಂಬು ತಣ್ಣೀರು ಹುಯ್ಯಿ ರೂಪಾ” ಎಂದರು.

ನೀರಿನ ಚೊಂಬು ಕಂಡದ್ದೇ ತಡ, ಅಂಗಿಯೊಳಗಿದ್ದ ಚಿಂಚಿಲ್ಲಾ ಒಂದೇ ನೆಗೆತಕ್ಕೆ ದೇವರ ಕೋಣೆ ಹೊಕ್ಕಿತು. ಅಲ್ಲಿ ರೂಪಶ್ರೀ ಪೂಜೆಗೆಂದು ವಿಭೂತಿ ಗಟ್ಟಿಯನ್ನು ಪುಡಿಮಾಡಿ ಹಿತ್ತಾಳೆ ತಟ್ಟೆಯಲ್ಲಿ ಇಟ್ಟಿದ್ದಳು. ಚಿಂಚಿಲ್ಲಾ ಅದನ್ನು ಮೂಸಿತು. ಆಮೇಲೆ ತಟ್ಟೆಯಲ್ಲೇ ಅಡ್ಡಬಿದ್ದು, ಎಡಕ್ಕೆ ಉರುಳಿ, ಬಲಕ್ಕೆ ಉರುಳಿ, ಮೂಗಿನಿಂದ ಬಾಲದವರೆಗೆ ಬೆಳ್ಳಗಾಗಿ ಎದ್ದು ಕೂತಿತು. ಇನ್ನೊಂದೂ ಹಿಂದೆಯೇ ಬಂದು ಹಾಗೆಯೇ ಮಾಡಿತು.

ಅನ್ನಪೂರ್ಣಮ್ಮನವರ ಕೈಗಳು ತಾವಾಗಿಯೇ ಮುಗಿದುಕೊಂಡವು. “ನಾವು ಮೂರು ಬೆರಳಾಗೆ ಹಣಿಗೆ ಹಚ್ಕಂತೀವಿ. ಇವು ಮೈತುಂಬ ಬಳ್ಕಂಡ್ವಲ್ಲ. ಯಾವ ಜನ್ಮದ ಶರಣರೋ ಏನೋ” ಎಂದು ಗದ್ಗದಿತರಾದರು. “ಪಂಜರ ಗಿಂಜರ ಬ್ಯಾಡ ಮಾಂತೇಶ. ಇಂಥವ್ರಿಗೆ ಮಂಟಪಾನೇ ಸರಿ” ಎಂದವರು ಮನೆಗೆ ಹೋಗಿ, ಮಗಳ ಮದುವೆಗೆಂದು ಮಾಡಿಸಿಟ್ಟ ತೇಗದ ದೇವರ ಮಂಟಪವನ್ನು ತಾವೇ ಹೊತ್ತು ತಂದರು.

ಮಹಾಂತೇಶನಿಗೂ ಮಂಟಪ ಚೆನ್ನಾಗಿಯೇ ಕಂಡಿತು. ಕಳಸವಿತ್ತು, ಬಾಗಿಲಿತ್ತು, ಬಾಗಿಲಿಗೆ ಚಿಲಕವಿತ್ತು. ಸಾಹುಕಾರರ ಅಂಗಡಿಯಲ್ಲಿ ಇಟ್ಟರೆ ಮಲ್ಲೇಶಪ್ಪನವರು ಮೀನಿನ ತೊಟ್ಟಿಯನ್ನು ಬಚ್ಚಲಿಗೆ ಸಾಗಿಸಬೇಕು. ಚಿಂಚಿಲ್ಲಾಗಳನ್ನು ಅದರೊಳಗೆ ಕೂಡಿಸಿ ಆತ ಉಂಡು ಕೈತೊಳೆಯುವಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಹೂವು, ಬಾಳೆಹಣ್ಣು ಹಿಡಿದು ಸೇರಿದ್ದರು. ಒಬ್ಬಾಕೆ ಮಗನ ಎಸ್ಸೆಸ್ಸೆಲ್ಸಿ ರಿಸಲ್ಟಿನ ಬಗ್ಗೆ ಬೇಡಿಕೊಂಡಳು. ಚಿಂಚಿಲ್ಲಾ ತಲೆಯಾಡಿಸಿದ್ದಕ್ಕೆ ಆಕೆ ಕಣ್ಣೊರೆಸಿಕೊಂಡಳು. ಆರತಿ ಬೆಳಗಬೇಕೆಂದು ಎಲ್ಲರೂ ಸುಮ್ಮನಾದಾಗ ಮಂಟಪದೊಳಗಿಂದ ಕರ್ ಕರ್ ಎಂಬ ಸದ್ದು ಕೇಳಿತು. ಭಜನೆಯಿರಬಹುದೆಂದು ಅನ್ನಪೂರ್ಣಮ್ಮ ಬಗ್ಗಿ ನೋಡಿದರು. ತೇಗದ ಕಂಬಗಳಲ್ಲಿ ಒಂದು ಸೊಂಟದ ತನಕ ಹೋಗಿಬಿಟ್ಟಿತ್ತು.

“ಇಲಿ ತಂದು ನನ್ ಮಗಳ ಮಂಟಪದಾಗೆ ಕೂಡ್ಸೀಯೇನೋ?” ಎಂದರು ಅನ್ನಪೂರ್ಣಮ್ಮ. ಶರಣರಾಗಿದ್ದವು ಕಣ್ಣುಮುಚ್ಚಿ ತೆರೆಯುವುದರೊಳಗೆ ಇಲಿಗಳಾದವು. ಬಾಳೆಹಣ್ಣು ತಂದವರು ಬಾಳೆಹಣ್ಣು ವಾಪಸು ಒಯ್ದರು.

ರೂಪಶ್ರೀ ಹಿಂದಿನ ಬೀದಿಯ ಭೀಮವ್ವನಿಂದ ತಂತಿಯ ಕೋಳಿಪಂಜರವೊಂದನ್ನು ಕೇಳಿ ತಂದಳು. “ಕಂಡಕಂಡವ್ರ ಮಾತು ಕೇಳ್ಬ್ಯಾಡ್ರಿ. ಹರಿಹರದಾಗೆ ನಿಮ್ ಗೋದಾಮಿನ ಪಕ್ಕ ದನದ ಡಾಕ್ಟ್ರು ಅದಾರಲ್ಲ, ಅವ್ರನ್ನ ಕೇಳ್ರಿ. ಆ ಕ್ಯಾಬಿನ್ ಸಿಗ್ಲಿಲ್ಲಂದ್ರೆ ನೀವು ಸೀನೋದು ಬಿಡಲ್ಲ, ನಾನು ನಿದ್ದಿ ಮಾಡಲ್ಲ” ಎಂದಳು. ಹರಿಹರದಿಂದ ಬೆಳಗ್ಗೆ ಬಂದವನು ಚಿಂಚಿಲ್ಲಾಗಳನ್ನು ಕೋಳಿಪಂಜರಕ್ಕೆ ಹಾಕಿಕೊಂಡು ಮಟಮಟ ಬಿಸಿಲಲ್ಲಿ ಮತ್ತೆ ಹರಿಹರಕ್ಕೆ ಹೊರಟ.

ಡಾಕ್ಟರ್ ಹಿದಾಯತ್ ಸರ್ವಿಸಿನುದ್ದಕ್ಕೂ ಎಮ್ಮೆಗಳನ್ನು ನೋಡಿದವರು. ಚಿಂಚಿಲ್ಲಾಗಳ ಹೊಟ್ಟೆ ಒತ್ತಿ ನೋಡಿ, “ಹಾಲು ಎಷ್ಟು ಕೊಡ್ತಾವೆ?” ಎಂದು ಅಭ್ಯಾಸಬಲದಿಂದ ಕೇಳಿದರು. ಆಮೇಲೆ ತಮಗೇ ನಾಚಿಕೆಯಾಗಿ, ಅಟ್ಟದಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಇಳಿಸಿ ಧೂಳು ಊದಿದರು. ಮಹಾಂತೇಶ ಸೀನಿದ.

“ಕಟ್ಟಿಗೆ ಕೂಡ್ದು, ಕಬ್ಬಿಣದ ಜಾಳಿಗೇನೇ ಆಗ್ಬೇಕು ನೋಡ್ರಿ” ಎಂದು ಡಾಕ್ಟರು ಓದಿ ಓದಿ ಹೇಳಿದರು. “ಆಳೆತ್ತರ ಇರ್ಬೇಕು. ಹತ್ತಿ ಹಾರಾಡೋಕೆ ಒಳಗೆ ಹಲಗಿ ಬೇಕು, ಅದೂ ಕಬ್ಬಿಣದ್ದೇ. ತಣ್ಣನೆ ಕಲ್ಲಿನ ನೆಲ, ಮೇಲೆ ಗಾಳಿ. ಬಿಸಿಲು ಬೀಳಬಾರ್ದು. ಸ್ನಾನಕ್ಕೆ ನೀರು ಬ್ಯಾಡ್ರಿ, ನುಣ್ಣನೆ ಧೂಳು. ಆಮ್ಯಾಲೆ ಒಳ್ಳೇ ಬೀಗ.”

ಮಹಾಂತೇಶ ಅಷ್ಟನ್ನೂ ಬಾಯಿಪಾಠ ಮಾಡಿಕೊಂಡ. ಪರೀಕ್ಷೆಗೆ ಹೀಗೆ ಓದಿದ್ದರೆ ಡಿಗ್ರಿ ಮುಗಿಯುತ್ತಿತ್ತು. ವೆಲ್ಡಿಂಗ್ ಅಂಗಡಿಗೆ ಓಡಿದರೆ ಅಲ್ಲಿ ಕರೆಂಟು ಹೋಗಿತ್ತು. ವೆಲ್ಡರು ನೆರಳಲ್ಲಿ ಟವೆಲ್ ಹೊದ್ದು ಮಲಗಿದ್ದ. “ಆಳೆತ್ತರದ್ದಾ? ನಾಡಿದ್ದು ಬರ್ರಿ” ಎಂದು ಮಗ್ಗುಲು ಬದಲಿಸಿದ.

ಸಂಜೆ ಐದಕ್ಕೆ ಮಹಾಂತೇಶ ಮಂಡಿಪೇಟೆ ಮುಟ್ಟಿದಾಗ ಮಲ್ಲೇಶಪ್ಪನವರು ಆಗಲೇ ಬಂದು, ಮಂಡಕ್ಕಿಯ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಮಿರ್ಚಿ ಬಜ್ಜಿ ಮುರಿಯುತ್ತಿದ್ದರು. ಕೋಳಿಪಂಜರ ಕಂಡ ಕೂಡಲೇ ಅವರ ಮುಖ ಅರಳಿತು. ಬಕ್ಕೇಶಪ್ಪನವರ ಮುಖ ಅಷ್ಟೇ ಕುಗ್ಗಿತು.

“ಏನ್ ಬಕ್ಕೇಶಪ್ಪ, ಕೋಳಿ ಸಾಕೋಕೆ ಶುರು ಮಾಡ್ದೇನು? ನಮ್ಮೋರಾಗೆ ಇದು ಹೊಸದು ಬಿಡು” ಎಂದರು ಮಲ್ಲೇಶಪ್ಪ.

ಸಾಹುಕಾರರು ಮಹಾಂತೇಶನನ್ನು ನೋಡಿದ ನೋಟದಲ್ಲಿ ಕ್ಯಾಬಿನ್ನಿನ ಫ್ಯಾನು ನಿಂತುಹೋಗುವುದು ಆತನಿಗೆ ಕಾಣಿಸಿತು. ಈಗ ಬಾಯಿ ಬಿಡದಿದ್ದರೆ ಉಳಿಗಾಲವಿಲ್ಲ. “ಇದು ಬರೇ ಸಾಗ್ಸೋಕೆ ತಂದಿದ್ದು ಸಾವ್ಕಾರ್ರೇ” ಎಂದು ಶುರುಮಾಡಿ, ಡಾಕ್ಟರ ಪುಸ್ತಕವನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಕಬ್ಬಿಣದ ಜಾಳಿಗೆ, ಆಳೆತ್ತರ, ಕಬ್ಬಿಣದ ಹಲಗೆ, ಕಲ್ಲಿನ ನೆಲ, ಮೇಲೆ ಗಾಳಿ, ನೆರಳು, ಸ್ನಾನಕ್ಕೆ ನುಣ್ಣನೆ ಧೂಳು, ಬೀಗ. ಗುಮಾಸ್ತರೆಲ್ಲ ಕೆಲಸ ಬಿಟ್ಟು ಕೇಳಿದರು. ಸಾಹುಕಾರರ ಕುತ್ತಿಗೆ ಮೆಲ್ಲಗೆ ನೆಟ್ಟಗಾಯಿತು.

“ಬಾಯಾಗೆ ಹೇಳಿದ್ರೆ ಆತೇನಪ್ಪ?” ಎಂದರು ಮಲ್ಲೇಶಪ್ಪ. “ಅಂಥ ಪಂಜರ ದಾವಣಗೆರ್ಯಾಗೆ ಎಲ್ಲೈತೆ ತೋರ್ಸು.”

“ಐತ್ರಿ” ಎಂದ ಮಹಾಂತೇಶ. ನಾಡಿದ್ದಿನ ವೆಲ್ಡಿಂಗನ್ನು ನೆನೆದು, ಒಂದು ಹೆಜ್ಜೆ ಮುಂದೆ ಹೋಗಿ, “ನಮ್ ಸಾವ್ಕಾರ್ರು ಆಗ್ಲೇ ಮಾಡ್ಸ್ಯಾರೆ” ಎಂದುಬಿಟ್ಟ.

“ಮಾಡ್ಸೀಯೇನು? ಎಲ್ಲಿ?” ಮಲ್ಲೇಶಪ್ಪ ಸಾಹುಕಾರರತ್ತ ತಿರುಗಿದರು.

ಬಕ್ಕೇಶಪ್ಪನವರ ಕಣ್ಣು ಅಂಗಡಿಯ ತುಂಬ ಅಲೆದಾಡಿತು. ಮೆಣಸಿನಕಾಯಿ ಚೀಲ, ತಕ್ಕಡಿ, ಗಾದಿ, ಫೋನು. ಕೊನೆಗೆ ಮೂಲೆಯಲ್ಲಿ ಹೋಗಿ ನಿಂತಿತು. ನೆಲದಿಂದ ಮಾಡಿನ ತನಕ ಕಬ್ಬಿಣದ ಜಾಳಿಗೆ. ಒಳಗೆ ನಗದು ಪೆಟ್ಟಿಗೆ ಇಡುವ ಕಬ್ಬಿಣದ ಹಲಗೆಗಳು. ಕಡಪಾ ಕಲ್ಲಿನ ನೆಲ. ಬಾಗಿಲಿಗೆ ಅಂಗೈಯಗಲದ ಬೀಗ.

“ಕಣ್ಣೆದುರಿಗೇ ಐತಲ್ಲಪ್ಪ” ಎಂದರು ಸಾಹುಕಾರರು ನಿಧಾನವಾಗಿ. “ಹೊಸಾ ಫ್ಯಾನು, ಕೂಲರು ಮತ್ಯಾಕ ಹಾಕ್ಸೀನಿ ಅನ್ಕಂಡಿದ್ದಿ? ಮನಷಾರಿಗೇನು?”

ಮಲ್ಲೇಶಪ್ಪನವರ ಕೈಯ ಮಿರ್ಚಿ ಕೈಯಲ್ಲೇ ಉಳಿಯಿತು. ಮೀನಿಗೆ ಕೂಲರ್ ಹಾಕಿಸುವ ದಾರಿ ಅವರಿಗೂ ಹೊಳೆಯಲಿಲ್ಲ. “ಹೌದೇನೋ ಮಾಂತೇಶ?” ಎಂದು ಕೊನೆಯ ಆಸೆಯಿಂದ ಕೇಳಿದರು.

ಮಹಾಂತೇಶ ಕ್ಯಾಬಿನ್ನನ್ನು ನೋಡಿದ. ಸಾಹುಕಾರರನ್ನು ನೋಡಿದ. “ಹೌದ್ರಿ” ಎಂದ. ಆ ಎರಡಕ್ಷರ ಹೇಳುವಾಗ ಅವನಿಗೆ ನಿಜಕ್ಕೂ ಅಳು ಬಂದಿತ್ತು.

ಚಿಂಚಿಲ್ಲಾಗಳನ್ನು ಕ್ಯಾಬಿನ್ನಿನೊಳಗೆ ಬಿಟ್ಟದ್ದೂ ಅವನೇ, ಫ್ಯಾನಿನ ಸ್ವಿಚ್ಚು ಒತ್ತಿದ್ದೂ ಅವನೇ. ಅವು ಹಲಗೆಯಿಂದ ಹಲಗೆಗೆ ಹಾರಿ, ಕೊನೆಗೆ ಕ್ಯಾಶಿಯರ್ ಕುರ್ಚಿಯ ಮೆತ್ತೆಯ ಮೇಲೆ ಅಕ್ಕಪಕ್ಕ ಕೂತು, ಕೂಲರಿನ ಗಾಳಿಗೆ ಕಣ್ಣು ಮುಚ್ಚಿದವು. ಮಲ್ಲೇಶಪ್ಪನವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅವರು ರಸ್ತೆ ದಾಟುವವರೆಗೂ ಸಾಹುಕಾರರು ಸಂತೋಷವನ್ನು ಹಿಡಿದಿಟ್ಟುಕೊಂಡಿದ್ದು, ಆಮೇಲೆ ಮಹಾಂತೇಶನ ಬೆನ್ನು ತಟ್ಟಿದರು.

“ಮಾನ ಉಳಿಸ್ದೆ ಮಾಂತೇಶ. ಇಂಥ ಪಂಜರ ಆರಿಸೋಕೆ ನಿನ್ನಂಥವ್ನೇ ಬೇಕು. ನಗದು ಇನ್ಮ್ಯಾಲೆ ನಾನೇ ನೋಡ್ಕಂತೀನಿ, ನೀನು ಚಿಂತಿ ಮಾಡಬ್ಯಾಡ. ಹರಿಹರದಾಗೇ ಇರು. ಅದೇನೋ ನುಣ್ಣನೆ ಧೂಳು ಬೇಕು ಅಂದ್ಯಲ್ಲ, ಅಲ್ಲಿ ಹೊಳಿ ದಂಡಿ ಮಣ್ಣು ಚೆನ್ನಾಗೈತೆ. ದಿನಾ ನೀನೇ ಜರಡಿ ಹಿಡ್ದು, ಸಂಜಿ ಬರೋವಾಗ ಒಂದು ಡಬ್ಬಿ ತಗಂಡು ಬಾ. ಬ್ಯಾರೆಯವ್ರನ್ನ ನಾನು ನಂಬಲ್ಲ.”

ಖಾಲಿ ಕೋಳಿಪಂಜರವನ್ನು ಮೊಪೆಡ್ಡಿಗೆ ತೂಗುಹಾಕಿಕೊಂಡು ಮಹಾಂತೇಶ ಮನೆಗೆ ಬಂದ. ಬಾಗಿಲಲ್ಲೇ ಕಾದಿದ್ದ ರೂಪಶ್ರೀ ಕೇಳಿದಳು. “ತಕ್ಕ ಪಂಜರ ಸಿಕ್ತೇನ್ರಿ?”

“ಸಿಕ್ತು.”

“ಸಾವ್ಕಾರ್ರು ಒಪ್ಪಿದ್ರಾ?”

“ಭಾಳ ಒಪ್ಪಿದ್ರು.”

“ಹಂಗಾರೆ ನಾಳಿಂದ ಕ್ಯಾಬಿನ್ನಾಗೆ ಕೂಡ್ರೋರು...”

ಮಹಾಂತೇಶ ಉತ್ತರ ಹೇಳಲು ಬಾಯಿ ತೆರೆದ. ಸೀನು ಬಂತು.