ನಾಲ್ಕನೇ ಮಹಡಿಯ ಭೂಕಂಪ

ಏಷ್ಯಾದ ದೊಡ್ಡ ನಗರಗಳನ್ನು ಭೂಕಂಪದಿಂದ ಕಾಪಾಡುವ ಹೊಣೆ ಒಂದಲ್ಲ ಒಂದು ದಿನ ನನ್ನ ಹೆಗಲಿಗೆ ಬೀಳುತ್ತದೆಂದು ನನಗೆ ಗೊತ್ತೇ ಇತ್ತು. ಬಿತ್ತು. ನಾಲ್ಕಾರು ದೇಶಗಳ ಎಂಜಿನಿಯರುಗಳು ಸೇರಿಕೊಂಡು ಹಳೆಯ ಕಟ್ಟಡಗಳ ನಡುಕ ಅಳೆಯುತ್ತಿದ್ದರು. ಕೋಥರೂಡದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಯಂತ್ರವಿಡಲು ಜಾಗ ಕೇಳಿದಾಗ, ಸೆಕ್ರೆಟರಿಯಾದ ನಾನು ನಾಲ್ಕನೇ ಮಹಡಿಯ ನನ್ನ ಮನೆಯನ್ನೇ ಸಂಶೋಧನೆಗೆ ಸಮರ್ಪಿಸಿದೆ.

ಅನುಷಾ ಎಂಬ ಬೆಂಗಳೂರಿನ ಸಂಶೋಧಕಿ ಬಂದು, ಹಾಲ್‌ನ ಮೂಲೆಯಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರ ಇಟ್ಟಳು.

"ಬಿಲ್ಡಿಂಗ್ ಅಲುಗಾಡಿದ್ರೆ ನಿಮ್ಮ ಮೊಬೈಲಲ್ಲಿ ಕೆಂಪು ಗೆರೆ ಬರುತ್ತೆ ಸಾರ್. ಪ್ಲೀಸ್, ಇದನ್ನ ಇಲ್ಲಿಂದ ಕದಲಿಸಬೇಡಿ."

ನಾನು ಕದಲಿಸಿದೆ. ನೆಲ ಒರೆಸುವಾಗ ನೀರು ತಾಗಿದರೆ ಏಷ್ಯಾದ ಗತಿಯೇನು? ಶನಿವಾರ ಸಂಜೆ ಅದನ್ನೊಯ್ದು ಅಡುಗೆಮನೆಯ ಕಟ್ಟೆಯ ಮೇಲೆ, ಬೇಳೆ ಡಬ್ಬಿಗಳ ಪಕ್ಕ ಭದ್ರವಾಗಿ ಇಟ್ಟೆ.

ಭಾನುವಾರ ಬೆಳಿಗ್ಗೆ ಟಿವಿ ನೋಡುತ್ತಾ ಕೂತಿದ್ದೆ. ಮೊಬೈಲ್ ಚೀರಿತು. ಕೆಂಪು ಗೆರೆ! ಇಳಿಯಿತು, ಮತ್ತೆ ಎದ್ದಿತು. ಗೋಡೆಯ ಹಳೆಯ ಬಿರುಕು ಅಗಲವಾದಂತೆ ಕಂಡಿತು. ನಿಜವಾಗಿಯೂ ಜೀವಭಯವಾಯಿತು. ಆಮೇಲಿನದು ನನ್ನ ಕಾಲುಗಳಿಗೇ ಗೊತ್ತು. ಸಿಕ್ಕ ಸಿಕ್ಕ ಬೆಲ್ ಒತ್ತುತ್ತಾ, "ಭೂಕಂಪ! ಖಾಲೀ ಚಲಾ!" ಎಂದು ಮರಾಠಿಯಲ್ಲಿ ಎಲ್ಲರನ್ನೂ ಕೆಳಗೆ ಹೊರಡಿಸುತ್ತಾ ಮೆಟ್ಟಿಲಿಳಿದೆ.

ಇಡೀ ಸೊಸೈಟಿ ನೈಟಿ, ಟವೆಲ್, ಬಾಯಲ್ಲಿನ ಬ್ರಶ್ ಸಮೇತ ಗೇಟಿನ ಬಳಿ ಸೇರಿತು. ಎದುರುಮನೆಯ ಅಜ್ಜಿ ಸುತ್ತಲೂ ನೋಡಿ, "ಸುನಂದಾ ಕುಠೇ ಆಹೇ?" ಎಂದರು. ಸುನಂದಾ ಎಲ್ಲಿ?

ಸುನಂದಾ ನನ್ನ ಹೆಂಡತಿ.

ನಾಲ್ಕನೇ ಮಹಡಿ ಇನ್ನೂ ನಿಂತಿತ್ತು, ಆದರೆ ಮೊಬೈಲಿನಲ್ಲಿ ಗೆರೆ ಕುಣಿಯುತ್ತಲೇ ಇತ್ತು. ಕುಸಿಯುವ ಮನೆಯಲ್ಲಿ ಅವಳೊಬ್ಬಳನ್ನೇ ಬಿಟ್ಟು ಬಂದೆನಲ್ಲ ಎಂದು ಅಳು ಬಂತು. ನನ್ನ ಮೊಬೈಲಿನ ಗೆರೆಯಿಂದ ಕಣ್ಣು ತೆಗೆಯದೆ, ಅಜ್ಜಿಯ ಫೋನ್ ಕಸಿದುಕೊಂಡು ಅವಳಿಗೆ ಕರೆ ಮಾಡಿದೆ. ಅವಳು ಎತ್ತಿದ ಕೂಡಲೇ ಗೆರೆ ಮಲಗಿತು.

"ಸುನಂದಾ, ಮನಿ ನಡಗಲಿಕ್ಕತ್ತದ, ಲಗೂನ ಕೆಳಗ ಬಾ!"

"ಏನೂ ನಡಗಿಲ್ರಿ. ನಾ ರೊಟ್ಟಿ ಬಡೀಲಿಕ್ಕತ್ತೀನಿ. ಹಂಚು ಕಾದದ, ಇಡ್ರಿ ಫೋನು."

ಇಟ್ಟಳು. ಗೆರೆ ಮತ್ತೆ ಎದ್ದಿತು.

ನಮ್ಮ ವಿಜಯಪುರದ ಕಡೆ ಜೋಳದ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಅಂಗೈಯಿಂದ ಬಡಿಯುತ್ತಾರೆ. ಮದುವೆಯಾದಾಗಿನಿಂದ ಕೇಳಿ ಕೇಳಿ, ಆ ಸಪ್ಪಳ ನನ್ನ ಕಿವಿಗೆ ಬೀಳುವುದೇ ನಿಂತಿತ್ತು. ಯಂತ್ರದ ಕಿವಿ ಹೊಸದು.

ಮರುದಿನ ಅನುಷಾ ಬಂದಾಗ ಭೂಕಂಪಕ್ಕಿಂತ ಹೆಚ್ಚು ಹೆದರಿದೆ. ಅವಳು ಬೈಯಲಿಲ್ಲ.

"ಅಲರ್ಟ್ ಬಂದಾಗ ಜನ ಏನನ್ನ ಮೊದಲು ಕಾಪಾಡ್ತಾರೆ ಅನ್ನೋದೂ ನಮ್ಮ ರಿಸರ್ಚೇ ಸಾರ್. ನೀವು ಏನು ಹಿಡ್ಕೊಂಡು ಓಡಿದ್ರಿ?"

ನಾನು ಫ್ಯಾನು ನೋಡತೊಡಗಿದೆ. ಸುನಂದಾ ಅವಳ ತಟ್ಟೆಗೆ ಬಿಸಿ ರೊಟ್ಟಿ ಹಾಕುತ್ತಾ ಹೇಳಿದಳು: "ಟಿವಿ ರಿಮೋಟು. ಬರಕೋ ತಂಗಿ."

ಅಂದಿನಿಂದ ರಿಮೋಟ್ ಅವಳ ಬಳಿಯೇ ಇರುತ್ತದೆ. ಇನ್ನೊಮ್ಮೆ ಭೂಮಿ ನಡುಗಿದರೆ, ರಿಮೋಟನ್ನು ಉಳಿಸಿಕೊಳ್ಳುವುದಕ್ಕಾದರೂ ನಾನು ಅವಳನ್ನು ಕರೆದುಕೊಂಡು ಓಡುತ್ತೇನೆಂಬ ನಂಬಿಕೆ ಅವಳದು. ನನಗೆ ನನ್ನ ಮೇಲೆ ಅಷ್ಟು ನಂಬಿಕೆಯಿಲ್ಲ.