ಮೂಳೆ ಇಲ್ಲದ ಬಾಡು

ಯಾರ ಮನೆಗೇ ಆಗಲಿ, ಡಾಕ್ಟರು ಹೇಳಿದ ಪಥ್ಯ ಒಂದು ಸಲ ಒಳಗೆ ಬಂತು ಅಂದರೆ ಸಾಕು, ಆಮೇಲೆ ಆ ಮನೆಯಲ್ಲಿ ದಿನಕ್ಕೊಂದು ನಾಟಕ ತಪ್ಪುವುದಿಲ್ಲ. ನಮ್ಮ ಮನೆಗೆ ಬಂದದ್ದು ಸೋಯಾ.

ನಾನು ಹೊಳೆನರಸೀಪುರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ಸೊಸೆ ರಕ್ತ ಹೀರುತ್ತಾಳೆ ಎಂದು ಬೇರೆ ಮನೆಗಳಲ್ಲಿ ಸುಮ್ಮನೆ ಅಂತಾರೆ, ಹರದನಹಳ್ಳಿಯ ನಮ್ಮ ಮನೆಯಲ್ಲಿ ಅದು ನಿಜ. ಮಾವನ ರಕ್ತ ತೆಗೆದವಳೂ ನಾನೇ, ಕೊಲೆಸ್ಟ್ರಾಲ್ ನೋಡಿ ಬೆಚ್ಚಿಬಿದ್ದವಳೂ ನಾನೇ. ಹಾಸನಕ್ಕೆ ಕರೆದುಕೊಂಡು ಹೋದೆವು. ಹೃದಯಕ್ಕೆ ಸ್ಟೆಂಟ್ ಹಾಕಿದರು. ಅಷ್ಟು ಹೊತ್ತೂ ಅತ್ತೆ ಹೊರಗಿನ ಬೆಂಚಿನ ಮೇಲೆ ನನ್ನ ಕೈ ಹಿಡಿದುಕೊಂಡು ಕೂತಿದ್ದರು. ಅಲ್ಲಿಂದ ಬಂದ ಮೇಲೆ ನಮ್ಮಿಬ್ಬರದೂ ಒಂದೇ ಹಟ, ಮಾವ ಮಟನ್ ಬಿಡಬೇಕು. ಮಾವನದೂ ಒಂದೇ ಹಟ, ಬಾಡಿಲ್ಲದೆ ಬದುಕೋದು ಒಂದು ಬದುಕೇ ಅಲ್ಲ.

ಮೂಳೆ ಎಲ್ಲಿ?

ಮನೆಗೆ ಕಳಿಸುವಾಗ ಹಾಸನದ ಡಾಕ್ಟರು ಬಹಳ ನಯವಾಗಿಯೇ ಹೇಳಿದರು. "ಯಜಮಾನ್ರೆ, ಮಟನ್ ಬಿಟ್ಟುಬಿಡಿ. ಜಗಿಯೋಕೆ ಏನಾದ್ರೂ ಬೇಕು ಅನ್ನಿಸಿದ್ರೆ ಸೋಯಾ ತಿನ್ನಿ. ಪ್ರೋಟೀನ್ ಇರುತ್ತೆ, ಕೊಬ್ಬು ಕಡಿಮೆ."

"ನೀವ್ ಬಾಡು ತಿಂತೀರಾ ಸಾ?" ಎಂದು ಮಾವ ಕೇಳಿದರು.

"ಇಲ್ಲ, ನಮ್ಮ ಮನೇಲಿ ತಿನ್ನಲ್ಲ."

ಮಾವ ನನ್ನ ಕಡೆ ತಿರುಗಿದರು. "ನೋಡ್ದಾ ಮಗಾ? ತಿನ್ನದೇ ಇರೋರಿಗೆ ಬುಡು ಅನ್ನಾದು ಎಷ್ಟು ಸಲೀಸು!"

ಮನೆಗೆ ಬಂದು ನಾನು ಸೋಯಾ ಚಂಕ್ಸ್ ತಂದೆ. ಬಿಸಿನೀರಲ್ಲಿ ನೆನೆಸಿ, ಹಿಂಡಿ, ಮಟನ್ನಿಗೆ ಅರೆಯುವ ಮಸಾಲೆಯನ್ನೇ ಅರೆದು ಸಾರು ಮಾಡಿದೆ. ವಾಸನೆಗೆ ಪಕ್ಕದ ಮನೆಯವರು ಬಂದು ಯಾರು ಬಂದವ್ರೆ ಅಂತ ವಿಚಾರಿಸಿಕೊಂಡು ಹೋದರು. ಮುದ್ದೆಯ ಜೊತೆ ಬಡಿಸಿದೆ. ಮಾವ ಒಂದು ತುಂಡು ಬಾಯಿಗಿಟ್ಟು ಜಗಿದರು. ಆ ದವಡೆಯಿಂದ ಈ ದವಡೆಗೆ ತಂದರು. ಆಮೇಲೆ ಸೌಟು ಕೇಳಿ ಈಸಿಕೊಂಡು ಪಾತ್ರೆಯ ತಳ ಕೆದಕತೊಡಗಿದರು.

"ಏನು ಹುಡುಕ್ತಿದೀರಿ ಮಾವ?"

"ಮೂಳೆ ಕಣವ್ವ."

"ಇದರಲ್ಲಿ ಮೂಳೆ ಇರಲ್ಲ ಮಾವ. ಇದು ಕಾಳು. ಎಣ್ಣೆ ತೆಗೆದ ಮೇಲೆ ಉಳಿದ ಹಿಟ್ಟಿನಲ್ಲಿ ಮಾಡ್ತಾರೆ."

ಮಾವ ಸೌಟು ಕೆಳಗಿಟ್ಟು ಊಟ ಮುಗಿಸಿದರು. ಕೈ ತೊಳೆಯಲು ಹೊರಗೆ ಹೋದವರನ್ನು ನಮ್ಮ ನಾಯಿ ಬಾಲ ಅಲ್ಲಾಡಿಸಿಕೊಂಡು ಎದುರುಗೊಂಡಿತು, ಮಸಾಲೆ ವಾಸನೆ ಬಂದ ದಿನ ಅದಕ್ಕೂ ಪಾಲು ಇರುತ್ತಿತ್ತಲ್ಲ. ಮಾವ ಅದಕ್ಕೆ ಬರಿಗೈ ತೋರಿಸಿ ಹೇಳಿದರು.

"ಸ್ಟೆಂಟ್ ಆಕಿರಾದು ನಂಗೆ. ಪಥ್ಯ ನಿಂಗೂ ಬಂತು ಕಣ್ಲಾ."

ಕೊಣನೂರಿನಿಂದ ಬಂದ ವಿಡಿಯೋ

ಅತ್ತೆಗೆ ಒಬ್ಬ ತಮ್ಮ ಇದ್ದಾರೆ, ಕೊಣನೂರಿನವರು. ಸಂತೆಯ ದಿನ ಬಿಟ್ಟರೆ ಮಿಕ್ಕ ದಿನವೆಲ್ಲ ಫೋನು ನೋಡುವುದೇ ಅವರ ಕಸುಬು. ಭಾವನ ಪಥ್ಯದ ಸುದ್ದಿ ಮುಟ್ಟಿದ್ದೇ ತಡ, ಒಂದು ವಿಡಿಯೋ ಕಳಿಸಿ, ಹಿಂದೆಯೇ ಫೋನ್ ಮಾಡಿದರು.

"ಭಾವ, ಸ್ವಾಯಾ ಮುಟ್ಬ್ಯಾಡಿ. ಅದನ್ನ ತಿಂದ್ರೆ ಗಂಡಸ್ರಿಗೆ ಎಂಗಸ್ರಂಗೆ ಎದೆ ಬೆಳೀತದಂತೆ. ಗಂಡಸ್ತನವೇ ಓಯ್ತದಂತೆ!"

ಮಾವ ಆ ವಿಡಿಯೋವನ್ನು ಜಗಲಿಯ ಮೇಲೆ ಕೂತು ಬೀದಿಗೆಲ್ಲ ಕೇಳುವಂತೆ ಹಾಕಿದರು. ನಾನು ನಮ್ಮ ಲ್ಯಾಬಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಊಟದ ಜೊತೆ ಮಿತವಾಗಿ ತಿಂದರೆ ಹಾಗೆಲ್ಲ ಏನೂ ಆಗುವುದಿಲ್ಲ, ಹೆದರಬೇಡಿ ಅನ್ನಿ ಎಂದರು. ನಾನು ಅಂದೆ. ಮಾವ ಒಪ್ಪಲಿಲ್ಲ.

"ಆಗಾಕಿಲ್ಲ ಅಂತ ಅವ್ರು ಏಳ್ಬುಟ್ರು. ನಾಳೆ ಓಗ್ಬುಟ್ರೆ ಯಾರು ಜವಾಬ್ದಾರಿ?"

ಅತ್ತೆ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆಯೇ ಹೇಳಿದರು, "ಓಗ್ಬುಟ್ರೆ ಕಂಪ್ಲೇಂಟ್ ಕೊಡಬೇಕಾದೋಳು ನಾನು. ನಾನೇ ಸುಮ್ಕಿವ್ನಿ. ನೀವ್ ಸುಮ್ಕೆ ತಿನ್ನಿ."

ಬೆಂಚಿನ ಮೇಲಿನ ಇಬ್ಬರು

ಈ ಸೋಯಾ ಮನೆಯಲ್ಲಿ ಮಾತ್ರ ಕಾಡಿತು ಅಂದುಕೊಳ್ಳಬೇಡಿ. ಲ್ಯಾಬಿಗೂ ಬಂತು. ಒಂದು ಬೆಳಿಗ್ಗೆ ಅರಕಲಗೂಡು ಕಡೆಯ ಒಬ್ಬ ಹುಡುಗ ಬಂದ. ಜಿಮ್ಮಿಗೆ ಹೋಗುವವನು. ತೋಳು ಎಷ್ಟು ದಪ್ಪ ಅಂದರೆ ರಕ್ತ ತೆಗೆಯುವಾಗ ಕಟ್ಟುವ ಪಟ್ಟಿ ಸಾಲದೆ ಹೋಯಿತು. ಸೂಜಿ ಕಂಡ ಕೂಡಲೇ ಮಾತ್ರ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ.

"ಮೇಡಂ, ನಾನು ಮೂರೊತ್ತೂ ಸೋಯಾ ತಿಂತಿದ್ದೆ. ಒಂದು ವಿಡಿಯೋ ನೋಡ್ದೆ, ಜೀವ ಓದಂಗಾಯ್ತು. ರಕ್ತದಲ್ಲಿ ಸೋಯಾ ಎಷ್ಟೈತೆ ಅಂತ ರಿಪೋರ್ಟಲ್ಲಿ ಬತ್ತದಾ?"

ಅದೇ ಬೆಂಚಿನ ಮೇಲೆ ಥೈರಾಯ್ಡ್ ಪರೀಕ್ಷೆಗೆ ಬಂದಿದ್ದ ಒಬ್ಬ ಹೆಂಗಸು ಕೂತಿದ್ದರು. "ಅಯ್ಯೋ, ನಮ್ಮ ಬೀದೀಲಿ ಸೋಯಾ ವಿಷ ಅಂದ್ಬುಟ್ರು ಕಣಪ್ಪಾ. ನಾನು ಅಂಗಡೀಲಿ ಅದರ ಪಕ್ಕ ನಿಂತ್ಕಳಾದ್ನೂ ಬುಟ್ಟಿವ್ನಿ" ಎಂದರು. ಹುಡುಗನ ಮುಖ ಇನ್ನಷ್ಟು ಬಿಳಿಚಿತು. ಹಾಗೆ ಬಿಳಿಚಿದ್ದನ್ನು ನೋಡಿ ಆ ಹೆಂಗಸಿಗೂ ಭಯ ಹೆಚ್ಚಾಯಿತು. ಒಬ್ಬರನ್ನೊಬ್ಬರು ಹೀಗೆ ಹೆದರಿಸಿಕೊಂಡು ಕೂತಿರುವಾಗ ನಮ್ಮ ಡಾಕ್ಟರು ಬಂದರು.

ಹುಡುಗನಿಗೆ ಹೇಳಿದರು, "ಅದೊಂದನ್ನೇ ಮೂರು ಹೊತ್ತೂ ತಿನ್ನಬೇಡ. ಮುದ್ದೆ, ಸೊಪ್ಪು, ಕಾಳು, ಮೊಟ್ಟೆ, ಎಲ್ಲಾ ತಿನ್ನು." ಹೆಂಗಸಿಗೆ ಹೇಳಿದರು, "ನೀವು ಪೂರ್ತಿ ಬಿಡಬೇಕಾಗಿಲ್ಲ. ಥೈರಾಯ್ಡ್ ಮಾತ್ರೆ ನುಂಗಿದ ತಕ್ಷಣ ಮಾತ್ರ ತಿನ್ನಬೇಡಿ, ಬೆಳಿಗ್ಗೆ ಮಾತ್ರೆ, ಸೋಯಾ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ."

ಇಬ್ಬರೂ ಸಮಾಧಾನವಾಗಿ ಎದ್ದರು ಎಂದುಕೊಂಡು ನಾನು ಮುಂದಿನವರನ್ನು ಕರೆದೆ. ಬಾಗಿಲ ಹತ್ತಿರ ಏನೋ ಗಲಾಟೆ. ಹುಡುಗನ ಬ್ಯಾಗಿನಲ್ಲಿದ್ದ ದೊಡ್ಡ ಸೋಯಾ ಪ್ಯಾಕೆಟ್ಟನ್ನು ಆ ಹೆಂಗಸು ಕೊಂಡುಕೊಳ್ಳುತ್ತಿದ್ದರು. ಬಾಯಿ ಒಡೆದ ಪ್ಯಾಕೆಟ್ಟು, ರೇಟು ಇಳಿಸು ಎಂದು ಚೌಕಾಸಿ ನಡೆದಿತ್ತು.

ಕೋಳಿಯ ಮೂಲಕ

ಅತ್ತೆಯ ತಮ್ಮ ಒಂದು ದಿನ ಕೊಣನೂರಿನಿಂದ ಖುದ್ದಾಗಿ ಬಂದರು. ಫಾರಂ ಕೋಳಿಗೆ ಹಾಕುವ ಫೀಡಿನಲ್ಲಿ ಸೋಯಾ ಇರುತ್ತದೆ ಎಂಬ ಹೊಸ ಸುದ್ದಿ ತಂದಿದ್ದರು. "ನೋಡಿ ಭಾವ, ನಿಮ್ಗೆ ಕ್ವಾಳಿ ಫೀಡು ತಿನ್ನಿಸ್ತಾವ್ರೆ" ಎಂದು ಕಡ್ಡಿ ಗೀರಿ ಕಾಫಿ ಕುಡಿದು ಹೋದರು. ಇನ್ನು ಮುಗಿಯಿತು, ಮಾವ ಸೋಯಾ ಪಾತ್ರೆ ಹಿತ್ತಲಿಗೆ ಎಸೆಯುತ್ತಾರೆ ಎಂದು ನಾನೂ ಅತ್ತೆಯೂ ಕಾದೆವು. ಮಾವ ಬೈಯಲಿಲ್ಲ. ಸಂಜೆಯವರೆಗೂ ಯೋಚನೆ ಮಾಡಿ, ಟವೆಲ್ ಹೆಗಲಿಗೆ ಹಾಕಿಕೊಂಡು ಹೋಗಿ ಫಾರಂ ಕೋಳಿ ತಂದರು. ಫಾರಂ ಕೋಳಿ ಕಂಡರೆ ಮೂಗು ಮುರಿಯುತ್ತಿದ್ದ ಮನುಷ್ಯ!

"ಇದೇನು ಮಾವ?"

"ಸ್ವಾಯಾ" ಎಂದರು ತಣ್ಣಗೆ. "ನಂಗೆ ಅದು ಒಗ್ಗಕಿಲ್ಲ, ಕ್ವಾಳಿಗೆ ಒಗ್ತದೆ. ಅದು ತಿಂದು ಅರಗಿಸ್ಕಂಡೈತೆ, ನಾನು ಅದನ್ನ ತಿಂತೀನಿ. ಡಾಕ್ಟ್ರು ಏಳಿದ್ದು ಸ್ವಾಯಾ ತಿನ್ನು ಅಂತ ತಾನೆ? ಯಾವ ದಾರೀಲಿ ಅಂತ ಏಳಿಲ್ಲವಲ್ಲ."

ಹಾಸನಕ್ಕೆ ಫೋನ್ ಮಾಡಿದೆ. ಡಾಕ್ಟರು ನಕ್ಕು, ಚರ್ಮ ತೆಗೆದು, ಎಣ್ಣೆ ಕಮ್ಮಿ ಹಾಕಿ, ಅಪರೂಪಕ್ಕೆ ಸ್ವಲ್ಪ ಕೊಡಿ, ಪರವಾಗಿಲ್ಲ ಎಂದರು. ಮಾವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂತು. ನನಗೂ ಸಂತೋಷವೇ ಆಯಿತು. ಆದರೆ ಫೋನ್ ಇಡುವ ಮೊದಲೇ ಮಾವ ನನ್ನ ತೋಳು ತಟ್ಟಿದರು.

"ಮಗಾ, ಮೇಕೆಗೂ ಸ್ವಾಯಾ ಇಂಡಿ ಆಕಿ ಸಾಕಿದ್ರೆ ನಡೀತದಾ, ಅದ್ನೂ ಒಂದ್ ಮಾತು ಕೇಳ್ಬುಡು."

ಎಳೇ ಮರಿ

ಚನ್ನರಾಯಪಟ್ಟಣದಲ್ಲಿ ಹತ್ತಿರದ ನೆಂಟರ ಮನೆಯ ಬೀಗರ ಊಟ. ಮದುವೆಯಾದ ಮೇಲೆ ಎರಡೂ ಕಡೆಯವರು ಕೂತು ಬಾಡೂಟ ಮಾಡುವ ದಿನ. ನಾವು ಹೆಣ್ಣಿನ ಕಡೆಯವರು. ಬೀಗರ ಊಟದಲ್ಲಿ ವರದಕ್ಷಿಣೆಯ ಮಾತು ಮರೆತರೂ ಯಾರ ಎಲೆಗೆ ಎಂಥ ಪೀಸು ಬಿತ್ತು ಎನ್ನುವುದನ್ನು ಜನ ಮರೆಯುವುದಿಲ್ಲ, ಅದರಿಂದಲೇ ಮಾತು ಬಿಟ್ಟ ಮನೆಗಳಿವೆ. ಮಾವನನ್ನು ಅಂಥ ಕಡೆ ಹೇಗೆ ಕಾಯುವುದು? ಒಂದು ಡಬ್ಬಿ ತುಂಬ ಸೋಯಾ ಸಾರು ಮಾಡಿಕೊಂಡು ಹೋದೆ.

ಮಾವ ಕೂತ ಪಂಕ್ತಿಯಲ್ಲಿ ಪಕ್ಕದಲ್ಲೇ ಗಂಡಿನ ಸೋದರಮಾವ, ದೊಡ್ಡ ಮೀಸೆಯವರು. ನಾನು ಮೆಲ್ಲಗೆ ಬಗ್ಗಿ ಮಾವನ ಎಲೆಗೆ ಸೋಯಾ ಬಡಿಸಿದೆ. ಮೀಸೆಯವರ ಕಣ್ಣು ಅಲ್ಲೇ ಇತ್ತು.

"ಓಹೋ! ಎಣ್ಣಿನ ಕಡೆಯೋರಿಗೆ ಮೂಳೆ ಇಲ್ಲದ ಪೀಸು, ಅದೂ ಬ್ಯಾರೆ ಪಾತ್ರೇಲಿ. ಬೀಗರಿಗೆ ಬರೀ ಮೂಳೆ. ಇದೇನ್ರೀ ಮರ್ಯಾದೆ?"

ಹುಡುಗಿಯ ಅಪ್ಪ ಸೌಟು ಹಿಡಿದವರು ಹಾಗೇ ನಿಂತರು. ಗಂಡಿನ ಕಡೆಯ ಇನ್ನಿಬ್ಬರು ಎಲೆ ಮಡಿಸಲು ಕೈ ಹಾಕಿದರು. ಇದು ಸೋಯಾ ಅಂದರೆ ಬೀಗರ ಊಟಕ್ಕೆ ಕಾಳು ಬಡಿಸಿದರು ಎಂದು ಇನ್ನೊಂದು ಜಗಳ.

ಮಾವ ಒಂದಿಷ್ಟೂ ಅಳುಕಲಿಲ್ಲ. "ಬೀಗ್ರೆ, ಕ್ವಾಪ ಮಾಡ್ಕಬ್ಯಾಡಿ. ಮಗಾ, ಇವ್ರಿಗೂ ಆಕವ್ವ, ಧಾರಾಳವಾಗಿ ಆಕು" ಎಂದರು.

ಹಾಕಿದೆ. ಮೀಸೆಯವರು ಎಲ್ಲರ ಎದುರಿಗೆ ಕೇಳಿ ಹಾಕಿಸಿಕೊಂಡ ಪೀಸನ್ನು ಬಾಯಿಗಿಟ್ಟರು. ಜಗಿದರು. ಏನೋ ಅನುಮಾನ ಬಂದ ಹಾಗೆ ಹುಬ್ಬು ಮೇಲೆ ಹೋಯಿತು. ಇಡೀ ಪಂಕ್ತಿ ಅವರನ್ನೇ ನೋಡುತ್ತಿದೆ, ಈಗ ಮಾತು ಹಿಂದೆ ತೆಗೆದುಕೊಳ್ಳುವುದು ಹೇಗೆ? ತಲೆ ಆಡಿಸಿ, "ಮರಿ ಬಾಳ ಎಳೇದು ಕಣ್ರೀ. ಯಾವ್ ಸಂತೇಲಿ ತಂದ್ರಿ?" ಎಂದರು.

ಮಾವ ಇನ್ನೊಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಾ ಅಂದರು, "ಈ ಜಾತಿ ಮರಿ ಸಂತೇಲಿ ಸಿಗಾಕಿಲ್ಲ ಬೀಗ್ರೆ. ದಿನಸಿ ಅಂಗಡೀಲಿ ಕೇಳ್ಬೇಕು."

ಹಿರಿಯರಿಗೆ ಎಡೆ

ಪಿತೃಪಕ್ಷ ಬಂತು. ತೀರಿಹೋದ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ, ಫೋಟೋ ಮುಂದೆ ಎಲೆಯಲ್ಲಿ ಎಡೆ ಇಟ್ಟು, ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬರುತ್ತೇವೆ. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಆಗ ಯಾರೂ ಬಾಗಿಲು ತೆಗೆಯುವ ಹಾಗಿಲ್ಲ. ಆಮೇಲೆ ಆ ಎಡೆಯನ್ನು ಮನೆಯ ಯಜಮಾನ ಪ್ರಸಾದ ಅಂತ ತಿನ್ನಬೇಕು.

ಮಾವ ಈ ದಿನಕ್ಕೇ ಕಾದಿದ್ದರು. "ನಮ್ಮಪ್ಪಂಗೆ ಮಟನ್ ಅಂದ್ರೆ ಪ್ರಾಣ. ಎಡೇಗೆ ಇಡ್ಲೇಬೇಕು. ಆಮೇಲೆ ನಾನೇನು ಆಸೆಗೆ ತಿಂತೀನಾ? ಪ್ರಸಾದಕ್ಕೆ ಯಾವ್ ಡಾಕ್ಟ್ರು ಅಡ್ಡ ಬತ್ತಾರೆ?"

ಹಿರಿಯರ ಹೆಸರು ಬಂದ ಮೇಲೆ ಬೇಡ ಅನ್ನುವ ಹಾಗಿಲ್ಲ. ಹಿಂದಿನ ಸಲ ರಕ್ತ ತೆಗೆದಾಗ ಕೊಲೆಸ್ಟ್ರಾಲ್ ಇಳಿದಿತ್ತು, ನನಗೆ ಕುಣಿಯುವ ಹಾಗಾಗಿತ್ತು. ಈಗ ಒಂದು ದಿನ ಶುರುವಾದರೆ ಮುಂದೆ ನಿಲ್ಲಿಸುವವರು ಯಾರು? ಮಟನ್ ಸಾರು ಬಟ್ಟಲು ತುಂಬ ಇಟ್ಟೆವು. ಸಮಾಧಾನಕ್ಕೆ ಪಕ್ಕದಲ್ಲಿ ಸೋಯಾ ಗೊಜ್ಜಿನದೂ ಒಂದು ಬಟ್ಟಲು ಇಟ್ಟೆ. ವಡೆ, ಕಜ್ಜಾಯ ಎಲ್ಲ ಇಟ್ಟು, ಕೈ ಮುಗಿದು ಬಾಗಿಲು ಹಾಕಿಕೊಂಡು ಜಗಲಿಗೆ ಬಂದೆವು.

"ಕಾಲ್ ತೊಳ್ಕಂಡ್ ಬತ್ತೀನಿ" ಎಂದು ಮಾವ ಹಿತ್ತಲ ಕಡೆ ಹೋದರು. ಹೋದವರು ಬರಲಿಲ್ಲ.

ಅತ್ತೆ ತಟ್ಟನೆ ನನ್ನ ಕೈ ಹಿಡಿದರು. "ಆ ಕ್ವಾಣೆಗೆ ಇತ್ತಲ ಕಡೆಯಿಂದ್ಲೂ ಒಂದು ಬಾಗ್ಲೈತಲ್ಲ. ಚಿಲಕ ಆಕಿದ್ದಾ?"

ಹಾಕಿರಲಿಲ್ಲ. ಒಳಗೆ ಬಟ್ಟಲು ಸರಿದ ಸದ್ದು ಕೇಳಿತು. ಆಮೇಲೆ ಜಗಿಯುವ ಸದ್ದು. ಹಿರಿಯರು ಉಣ್ಣುವ ಹೊತ್ತಿನಲ್ಲಿ ನಾವು ಬಾಗಿಲು ತೆಗೆಯುವ ಹಾಗಿಲ್ಲ, ಕೂಗುವ ಹಾಗೂ ಇಲ್ಲ. ಅತ್ತೆಯ ಕಣ್ಣಲ್ಲಿ ನೀರು ಬಂತು. "ಎಷ್ಟು ಏಳಿದ್ರೂ ಇಷ್ಟೇ ಕಣವ್ವ. ಮತ್ತೆ ಅದೇ ಆಸ್ಪತ್ರೆ ಬೆಂಚು ನಂಗೆ" ಎಂದರು. ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂತು.

ಸ್ವಲ್ಪ ಹೊತ್ತಿಗೆ ಮಾವ ಹಿತ್ತಲಿಂದ ಸುತ್ತಿಕೊಂಡು ಬಂದು, ಏನೂ ಅರಿಯದವರ ಹಾಗೆ ಜಗಲಿಯ ಮೇಲೆ ಕೂತರು. ಮೀಸೆಯ ತುದಿಯಲ್ಲಿ ಕೊತ್ತಂಬರಿ ಸೊಪ್ಪಿನ ಒಂದು ಚೂರು.

ಹೊತ್ತಾಯಿತು ಎಂದು ಬಾಗಿಲು ಮೂರು ಸಲ ತಟ್ಟಿ ತೆಗೆದೆವು. ಮಟನ್ ಬಟ್ಟಲು ಇಟ್ಟಂತೆಯೇ ಇತ್ತು, ಮೇಲಿನ ಎಣ್ಣೆಯ ಪದರವೂ ಕದಡಿರಲಿಲ್ಲ. ವಡೆ ಇತ್ತು, ಕಜ್ಜಾಯ ಇತ್ತು. ಸೋಯಾ ಬಟ್ಟಲು ಮಾತ್ರ ತೊಳೆದಿಟ್ಟ ಹಾಗೆ ಖಾಲಿ.

ತಡೆಯುವವರು ಯಾರೂ ಇಲ್ಲದ ಕೋಣೆಯಲ್ಲಿ, ಅಷ್ಟು ಮಟನ್ನಿನ ಎದುರಿಗೆ ಒಬ್ಬರೇ ಕೂತು ಮಾವ ತಿಂದದ್ದು ಸೋಯಾ! ನನಗೆ ಅವರ ಕಾಲಿಗೆ ಬೀಳೋಣ ಅನ್ನಿಸಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ನಗು ತಡೆಯಲಾರದೆ ಕೇಳಿದರು.

"ಅಲ್ಲಾ, ನಿಮ್ಮಪ್ಪ ಬದುಕಿರೋಗಂಟ ಸ್ವಾಯಾನ ಕಣ್ಣಲ್ಲಿ ಕಂಡೋರಲ್ಲ. ಇವತ್ತು ಮಟನ್ ಬುಟ್ಟು ಅದನ್ನೇ ತಿಂದವ್ರಲ್ಲಾ, ಇದೆಂಗೆ?"

ಮಾವ ಫೋಟೋ ಕಡೆ ಭಕ್ತಿಯಿಂದ ನೋಡಿ, ಮೀಸೆ ಒರೆಸಿಕೊಂಡರು.

"ಅಲ್ಲೂ ಯಾರೋ ಡಾಕ್ಟ್ರು ಬ್ಯಾಡ ಅಂದವ್ರೆ ಕಣಮ್ಮಿ."